ಓದುಗರ ಪ್ರಶ್ನೆ: ಗಳಿಕೆ, ವಿಮರ್ಶೆ, ಪ್ರಶಸ್ತಿ ಕೂಡಿಸಿದರೆ ಒಂದು ಪಟ್ಟಿಯಾದೀತೇ?

ಪ್ರಶ್ನೆ: ನಮ್ಮ ಬಡಾವಣೆಯ ವಾಚನಾಲಯದಲ್ಲಿ ಹತ್ತು ಹನ್ನೆರಡು ಗೆಳೆಯರು ಸೇರಿ, ಯಾವುದಾದರೊಂದು ವರ್ಷದ ಕನ್ನಡ ಚಿತ್ರಗಳಲ್ಲಿ ಮೊದಲ ಹತ್ತನ್ನು ಆರಿಸಿ ಯುಗಾದಿಯ ಹೊತ್ತಿಗೆ ಗೋಡೆಗೆ ಅಂಟಿಸುವ ರೂಢಿಯಿದೆ. ಈ ಸಲ 2022ರ ಸರದಿ. ಗಳಿಕೆ, ವಿಮರ್ಶೆ, ಪ್ರಶಸ್ತಿ ಮೂರರಲ್ಲೂ ಪ್ರತಿ ಚಿತ್ರಕ್ಕೆ ಸ್ಥಾನ ಕೊಟ್ಟು, ಮೂರು ಅಂಕಿಗಳನ್ನು ಕೂಡಿಸಿ, ಮೊತ್ತ ಕಡಿಮೆ ಬಂದದ್ದನ್ನು ಮೇಲಿಡಬೇಕೆಂದು ಒಬ್ಬರು ಹಟ ಹಿಡಿದಿದ್ದಾರೆ. ಈ ಲೆಕ್ಕ ಸರಿಯೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಲೆಕ್ಕ ಸರಳವಾಗಿದೆ, ಆದರೆ ಸರಿಯಿಲ್ಲ. ತೊಗರಿ ಹೇರಿಕೊಂಡು ಎಪಿಎಂಸಿಗೆ ಹೋದ ನಿಮ್ಮೂರಿನ ರೈತ ಚೀಲದ ತೂಕವನ್ನೂ ಕಾಳಿನ ತೇವಾಂಶವನ್ನೂ ಕೂಡಿಸಿ ಬಂದ ಅಂಕಿಯನ್ನು ಬೆಲೆ ಎನ್ನುವುದಿಲ್ಲ. ನಿಮ್ಮ ಗೆಳೆಯರು ಮಾಡಹೊರಟಿರುವುದು ಹೆಚ್ಚುಕಡಿಮೆ ಅದನ್ನೇ.

ಮೊದಲು ಸ್ಥಾನಗಳ ಮೊತ್ತವನ್ನೇ ನೋಡೋಣ. ಒಂದು ಚಿತ್ರ 100 ಕೋಟಿ, ಇನ್ನೊಂದು 98 ಕೋಟಿ, ಮೂರನೆಯದು 12 ಕೋಟಿ ರೂಪಾಯಿ ಗಳಿಸಿವೆ ಎಂದಿಟ್ಟುಕೊಳ್ಳಿ. ಸ್ಥಾನಕ್ಕೆ ಇಳಿಸಿದ ಕೂಡಲೇ ಅವು 1, 2, 3 ಆಗುತ್ತವೆ. ಎರಡು ಕೋಟಿಯ ಅಂತರವೂ 86 ಕೋಟಿಯ ಅಂತರವೂ ಒಂದೇ ಮೆಟ್ಟಿಲಾಗಿಬಿಡುತ್ತವೆ. ಇನ್ನು ಗಳಿಕೆಯಲ್ಲಿ 1, ವಿಮರ್ಶೆಯಲ್ಲಿ 7, ಪ್ರಶಸ್ತಿಯಲ್ಲಿ 4 ಎಂದು ಬಂದ ಚಿತ್ರದ ಮೊತ್ತ 12. ಮೂರರಲ್ಲೂ ನಾಲ್ಕನೆಯದಾದ ಚಿತ್ರದ ಮೊತ್ತವೂ 12. ಯಾರನ್ನೂ ಕಾಡದ, ಯಾರಿಗೂ ಬೇಸರ ತರಿಸದ, ನಡುಮಟ್ಟದ ಚಿತ್ರವೊಂದು ಸದ್ದಿಲ್ಲದೆ ಮೇಲೇರುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಮತ್ತೊಂದಿಲ್ಲ.

ಪ್ರಶಸ್ತಿಯ ಅಂಕಣದಲ್ಲಿ ತೊಡಕು ಇನ್ನೂ ದೊಡ್ಡದು. ನಿಮ್ಮ ಹತ್ತು ಚಿತ್ರಗಳಲ್ಲಿ ಮೂರಕ್ಕೆ ಪ್ರಶಸ್ತಿ ಬಂದು ಏಳಕ್ಕೆ ಬಾರದಿದ್ದರೆ, ಆ ಏಳಕ್ಕೆ ಯಾವ ಸ್ಥಾನ ಕೊಡುತ್ತೀರಿ? ಎಲ್ಲವೂ ನಾಲ್ಕನೆಯವು ಎಂದರೆ ಪ್ರಶಸ್ತಿ ಬಾರದವರಿಗೆ ನಷ್ಟವೇ ಆಗುವುದಿಲ್ಲ. ನಾಲ್ಕರಿಂದ ಹತ್ತರವರೆಗಿನ ಸರಾಸರಿಯಾದ ಏಳನ್ನು ಕೊಟ್ಟರೆ ಗಳಿಕೆಯಲ್ಲಿ ಗೆದ್ದ ಚಿತ್ರವೂ ಕೆಳಗೆ ಜಾರುತ್ತದೆ. ಎರಡರಲ್ಲಿ ಯಾವುದನ್ನು ಹಿಡಿದರೂ ತಪ್ಪಿಲ್ಲ, ಆದರೆ ಪಟ್ಟಿಯ ತಲೆ ಯಾವುದೆಂದು ತೀರ್ಮಾನಿಸುವುದು ಆ ಆಯ್ಕೆಯೇ ಹೊರತು ಚಿತ್ರವಲ್ಲ.

ನೀವು ಆರಿಸಿಕೊಂಡ 2022 ಇದಕ್ಕೆಲ್ಲ ಹೇಳಿ ಮಾಡಿಸಿದಂತಹ ವರ್ಷ. ಏಪ್ರಿಲ್ 14ರಂದು ತೆರೆಕಂಡ ‘ಕೆಜಿಎಫ್ ಚಾಪ್ಟರ್ 2’ ವಿಶ್ವದಾದ್ಯಂತ 1000 ಕೋಟಿ ರೂಪಾಯಿಯನ್ನು ದಾಟಿತು. ಸೆಪ್ಟೆಂಬರ್ 30ರಂದು ಬಂದ ‘ಕಾಂತಾರ’ದ ಗಳಿಕೆ ಅದರ ಅರ್ಧವನ್ನೂ ಮುಟ್ಟಲಿಲ್ಲ. ರೂಪಾಯಿಯ ಲೆಕ್ಕದಲ್ಲಿ ವಾದವೇ ಇಲ್ಲ. ಆದರೆ ಎರಡನ್ನೂ ನಿರ್ಮಿಸಿದ ಹೊಂಬಾಳೆ ಸಂಸ್ಥೆಯೇ, ಕರ್ನಾಟಕದೊಳಗೆ ತನ್ನ ಚಿತ್ರಗಳಲ್ಲೆಲ್ಲ ಅತಿ ಹೆಚ್ಚು ಜನ ನೋಡಿದ್ದು ‘ಕಾಂತಾರ’ ಎಂದು ಆ ವರ್ಷದ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಅಂದರೆ ತಲೆ ಎಣಿಸಿದರೆ ಒಂದು ಕ್ರಮ, ರೊಕ್ಕ ಎಣಿಸಿದರೆ ಇನ್ನೊಂದು. ಇನ್ನು ಆ ವರ್ಷದ ಚಿತ್ರಗಳಿಗೆ ಸಂದ 70ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆನಿಸಿದ್ದು ‘ಕೆಜಿಎಫ್ ಚಾಪ್ಟರ್ 2’. ಅತ್ಯುತ್ತಮ ಜನಪ್ರಿಯ ಮನರಂಜನಾ ಚಿತ್ರವೆನಿಸಿದ್ದೂ ರಿಷಬ್ ಶೆಟ್ಟಿ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ತಂದದ್ದೂ ‘ಕಾಂತಾರ’. ಹೆಚ್ಚು ದುಡ್ಡು ಮಾಡಿದ ಚಿತ್ರಕ್ಕೆ ‘ಅತ್ಯುತ್ತಮ’ವೂ ಇನ್ನೊಂದಕ್ಕೆ ‘ಜನಪ್ರಿಯ’ವೂ ಸಿಕ್ಕಿರುವಾಗ, ಯಾವ ಪದಕಕ್ಕೆ ಎಷ್ಟು ಅಂಕ ಎಂದು ನಿಮ್ಮ ವಾಚನಾಲಯದ ಮೇಜಿನ ಸುತ್ತ ಕುಳಿತು ತೀರ್ಮಾನಿಸುವುದು ಸುಲಭವೆಂದು ನನಗನಿಸುವುದಿಲ್ಲ.

ಗಳಿಕೆ ಎಂಬ ಒಂದೇ ಮಾತಿನಲ್ಲಿಯೂ ಮೂರು ಅಂಕಿಗಳು ಅಡಗಿವೆ. ಮಲ್ಟಿಪ್ಲೆಕ್ಸ್‌ನ 236 ರೂಪಾಯಿಯ ಒಂದು ಟಿಕೆಟ್ ತೆಗೆದುಕೊಳ್ಳಿ. ಆ 236 ಗ್ರಾಸ್. ಅದರಲ್ಲಿ ಶೇ 18ರ ಜಿಎಸ್‌ಟಿ, ಅಂದರೆ 36 ರೂಪಾಯಿ, ಕಳೆದರೆ ಉಳಿಯುವ 200 ನೆಟ್. ಅದರಲ್ಲಿ ಚಿತ್ರಮಂದಿರದ ಪಾಲು ಅರ್ಧವೆಂದು ಹಿಡಿದರೆ ವಿತರಕನ ಕೈಗೆ ಬರುವ 100 ರೂಪಾಯಿ ಶೇರ್. ಹಿಂದಿಯ ವ್ಯಾಪಾರದವರು ಸಾಮಾನ್ಯವಾಗಿ ನೆಟ್ ಹೇಳುತ್ತಾರೆ, ದಕ್ಷಿಣದವರು ಗ್ರಾಸ್ ಹೇಳುತ್ತಾರೆ, ಸೋತ ನಿರ್ಮಾಪಕ ಮಾತ್ರ ಶೇರ್ ಹೇಳಿಕೊಂಡು ಅಳುತ್ತಾನೆ. ನಿಮ್ಮ ಪಟ್ಟಿಯಲ್ಲಿ ಒಂದು ಚಿತ್ರಕ್ಕೆ ಗ್ರಾಸನ್ನೂ ಇನ್ನೊಂದಕ್ಕೆ ನೆಟ್ಟನ್ನೂ ಬರೆದುಕೊಂಡಿದ್ದರೆ ಮುಂದಿನ ಕೂಡುವಿಕೆಯೆಲ್ಲ ವ್ಯರ್ಥ.

ವಿಮರ್ಶೆಯ ವಿಷಯದಲ್ಲಿ ಒಂದೇ ಮಾತು: ನಾಲ್ಕು ವಿಮರ್ಶಕರ ಸರಾಸರಿಯನ್ನು ಮೂವತ್ತು ವಿಮರ್ಶಕರ ಸರಾಸರಿಯ ಪಕ್ಕದಲ್ಲಿ ನಿಲ್ಲಿಸಬೇಡಿ. ನಾಲ್ವರಲ್ಲಿ ಒಬ್ಬರ ಮುನಿಸು ಸರಾಸರಿಯನ್ನು ಕೆಡವಬಲ್ಲದು. ಅಂತಹ ಕಡೆ ನಕ್ಷತ್ರಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳುವುದು ಮೇಲು.

ಹಾಗಾದರೆ ಗೋಡೆಗೆ ಏನನ್ನು ಅಂಟಿಸಬೇಕು? ಮೂರು ಪಟ್ಟಿಗಳನ್ನೂ ಅಕ್ಕಪಕ್ಕ ಅಂಟಿಸಿ, ಮೂರರಲ್ಲೂ ಮೊದಲ ಐದರೊಳಗೆ ಬಂದ ಚಿತ್ರಗಳಿಗೆ ಕೆಂಪು ಶಾಯಿಯ ಗುರುತು ಹಾಕಿ. ಒಂದೇ ಪಟ್ಟಿ ಬೇಕೆಂಬ ಹಟ ಇಳಿಯದಿದ್ದರೆ, ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಚಿತ್ರಗಳ ಹೆಸರು ಬಾಯಿಗೆ ಬರುವ ಮುನ್ನವೇ ಚೀಟಿಯಲ್ಲಿ ಬರೆದು ಗ್ರಂಥಪಾಲಕರ ಕೈಗೆ ಕೊಟ್ಟುಬಿಡಿ. ಮೆಚ್ಚಿನ ನಟನ ಚಿತ್ರ ಕೆಳಗಿಳಿದದ್ದನ್ನು ಕಂಡ ಮೇಲೆ ತೂಕ ಬದಲಿಸುವವರು ಎಲ್ಲ ಗುಂಪಿನಲ್ಲೂ ಇರುತ್ತಾರೆ.

ಪ್ರಶ್ನೆ: ‘777 ಚಾರ್ಲಿ’ಯನ್ನು ನಾನು 2022ರ ಜೂನ್‌ನಲ್ಲಿ ನೋಡಿದೆ. ಅದಕ್ಕೆ ಬಂದ ರಾಷ್ಟ್ರಪ್ರಶಸ್ತಿ 2021ರದ್ದು ಎಂದು ಎಲ್ಲೆಡೆ ಮುದ್ರಿತವಾಗಿದೆ. ಇದು ಅಚ್ಚಿನ ತಪ್ಪೇ?
– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ತಪ್ಪಲ್ಲ. ಚಿತ್ರ ತೆರೆಕಂಡದ್ದು 2022ರ ಜೂನ್ 10ರಂದೇ. ಆದರೆ ರಾಷ್ಟ್ರಪ್ರಶಸ್ತಿಯ ಲೆಕ್ಕ ಬಿಡುಗಡೆಯ ದಿನದಿಂದ ಶುರುವಾಗುವುದಿಲ್ಲ. ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಪಡೆದ ಚಿತ್ರಗಳು ಆ ವರ್ಷದವು. ‘ಚಾರ್ಲಿ’ಯ ಪ್ರಮಾಣಪತ್ರ 2021ರದ್ದಾದ್ದರಿಂದ 69ನೆಯ ಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಕನ್ನಡ ಚಿತ್ರವಾಯಿತು. ಕಲಬುರಗಿಯ ಗೆಳೆಯರು ಇದನ್ನು ಓದುತ್ತಿದ್ದರೆ, ಅವರ 2022ರ ಪಟ್ಟಿಯಲ್ಲಿ ‘ಚಾರ್ಲಿ’ಯ ಪ್ರಶಸ್ತಿಯನ್ನು ಸೇರಿಸಿದರೂ ಕಷ್ಟ, ಬಿಟ್ಟರೂ ಕಷ್ಟ ಎಂಬುದನ್ನು ಗಮನಿಸಲಿ.

ಡಿಸೆಂಬರ್‌ನ ಚಿತ್ರಗಳದ್ದು ಇದೇ ಪಾಡು. ‘ಮುಂಗಾರು ಮಳೆ’ 2006ರ ಡಿಸೆಂಬರ್ 29ರಂದು ಬಂದಿತು. 2006ಕ್ಕೆ ಅದರ ಪಾಲಿಗೆ ಉಳಿದಿದ್ದು ಮೂರೇ ದಿನ, ಜನ ನೆನೆದದ್ದೆಲ್ಲ 2007ರಲ್ಲಿ. ಗಳಿಕೆಯನ್ನು ಕ್ಯಾಲೆಂಡರ್‌ಗೆ ಕಟ್ಟಿ ಎಣಿಸಿದರೆ ಅದು 2006ರ ಸೋತ ಚಿತ್ರಗಳ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಬಿಡುಗಡೆಯಾದ ವರ್ಷಕ್ಕೆ ಚಿತ್ರವನ್ನು ಸೇರಿಸಿ, ಪೂರ್ತಿ ಓಟದ ಗಳಿಕೆಯನ್ನು ಆ ವರ್ಷದ ಹೆಸರಿಗೇ ಬರೆಯುವುದು ನ್ಯಾಯ. ಪ್ರಶಸ್ತಿಗಾಗಿ ಕಾಯುವ ತಾಳ್ಮೆಯೂ ಬೇಕು: 2022ರ ರಾಷ್ಟ್ರಪ್ರಶಸ್ತಿಗಳು ಪ್ರಕಟವಾದದ್ದು 2024ರ ಆಗಸ್ಟ್ 16ರಂದು, ನಮ್ಮ ರಾಜ್ಯ ಸರ್ಕಾರದ 2019ರ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ. ವರ್ಷ ಮುಗಿದ ವಾರವೇ ಪ್ರಶಸ್ತಿಯನ್ನೂ ಲೆಕ್ಕಕ್ಕೆ ಹಿಡಿದಿರುವೆವೆಂದು ಹೇಳುವ ಪಟ್ಟಿಗಳು ಹಿಡಿದಿರುವುದು ಖಾಸಗಿ ಸಮಾರಂಭಗಳ ಪದಕಗಳನ್ನು ಇರಬಹುದು.

ಪ್ರಶ್ನೆ: ನಾವು ಇಲ್ಲಿ ಕೊಳ್ಳುವ ಟಿಕೆಟ್ ಯಾವ ಊರಿನ ಗಳಿಕೆಗೆ ಸೇರುತ್ತದೆ? ಬೀದರಿನ ಅಂಕಿಯನ್ನು ಯಾವ ಪಟ್ಟಿಯಲ್ಲೂ ನಾನು ಕಂಡಿಲ್ಲ.
– ಓದುಗರೊಬ್ಬರು, ಬೀದರ್

ಉತ್ತರ: ನೀವು ನೋಡಿದ ಚಿತ್ರದ ಭಾಷೆಯ ಮೇಲೆ ಅದು ನಿಂತಿದೆ. ಕನ್ನಡ ಚಿತ್ರವಾದರೆ ನಿಮ್ಮ ಟಿಕೆಟ್ ಕರ್ನಾಟಕದ ಲೆಕ್ಕಕ್ಕೆ, ಅದರೊಳಗೆ ವಿತರಕರು ಇಂದಿಗೂ ಹೈದರಾಬಾದ್ ಕರ್ನಾಟಕ ಎನ್ನುವ ಏರಿಯಾಕ್ಕೆ ಸೇರುತ್ತದೆ. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾದರೂ ವ್ಯಾಪಾರದವರ ನಾಲಿಗೆ ಬದಲಾಗಿಲ್ಲ. ಹಿಂದಿ ಚಿತ್ರವಾದರೆ ಕಥೆಯೇ ಬೇರೆ. ಹಿಂದಿಯ ಹಂಚಿಕೆ ವಲಯಗಳು ಹಳೆಯ ಸಂಸ್ಥಾನಗಳ ಗಡಿಯ ಮೇಲೆ ಹಾಕಿದವು. ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರಂದೇ ಮೈಸೂರು ರಾಜ್ಯಕ್ಕೆ ಸೇರಿದರೂ ಆ ವ್ಯಾಪಾರದಲ್ಲಿ ಅವು ಹೈದರಾಬಾದಿನೊಂದಿಗೆ ನಿಜಾಮ್ ವಲಯದಲ್ಲಿಯೇ ಉಳಿದವು. ಹಾಗಾಗಿ ಹಿಂದಿ ಚಿತ್ರವೊಂದರ ಮೈಸೂರು ವಲಯದ ಅಂಕಿಯನ್ನು ಯಾರಾದರೂ ಇಡೀ ಕರ್ನಾಟಕದ ಅಂಕಿ ಎಂದು ಅಚ್ಚು ಹಾಕಿದರೆ, ಅದರಲ್ಲಿ ನೀವು ಕೊಟ್ಟ ರೊಕ್ಕ ಇರುವುದಿಲ್ಲ.

ಬೀದರಿನದ್ದೇ ಅಂಕಿ ಬೇಕಿದ್ದರೆ ಅದು ಇರುವುದು ಟಾಕೀಸಿನ ಕಚೇರಿಯಲ್ಲಿ. ಪ್ರತಿದಿನದ ಕೊನೆಯ ಆಟ ಮುಗಿದ ಮೇಲೆ ವ್ಯವಸ್ಥಾಪಕರು ಡಿಸಿಆರ್ ಎಂಬ ಹಾಳೆಯನ್ನು ತುಂಬುತ್ತಾರೆ: ಯಾವ ಆಟಕ್ಕೆ ಬಾಲ್ಕನಿ ಎಷ್ಟು, ಕೆಳಗಿನ ತರಗತಿ ಎಷ್ಟು, ತೆರಿಗೆ ಎಷ್ಟು ಎಂದು ಸಾಲುಸಾಲಾಗಿ ಬರೆದಿರುತ್ತದೆ. ಬೇರೆಡೆ ಮುದ್ರಿತವಾಗುವ ಕೋಟಿಗಳಲ್ಲಿ ಕಾಣದ ತಲೆಯೆಣಿಕೆ ಅಲ್ಲಿ ಸಿಗುತ್ತದೆ. “ಮಂದಿ ಭಾಳ ಬಂದಾರ್ರಿ, ರೊಕ್ಕ ಅಷ್ಟ ಬಂದಿಲ್ಲ” ಎಂದು ಗೇಟಿನವರು ಹೇಳುವ ಮಾತಿಗೆ ಆಧಾರವೂ ಅದೇ ಹಾಳೆ. ಹೊರಗಿನವರಿಗೆ ತೋರಿಸಲೇಬೇಕೆಂಬ ನಿಯಮವಿಲ್ಲ, ಆದರೆ ಪರಿಚಯದ ಟಾಕೀಸಾದರೆ ಇಲ್ಲವೆನ್ನಲಾರರು. ಹಳೆಯ ವರ್ಷದ ಹಾಳೆಗಳು ರದ್ದಿಗೆ ಹೋಗುವ ಮುಂಚೆ ಒಮ್ಮೆ ಹೋಗಿ ಕೇಳಿ ನೋಡಿ.