ಮನಃಶಾಸ್ತ್ರ ಮೊದಲು, ಕಾನೂನು ಆಮೇಲೆ

ಪ್ರಶ್ನೆ: ಮಗಳು ಪಿಯು ಕಲಾ ವಿಭಾಗ ಮುಗಿಸಿದ್ದಾಳೆ. ಕಾನೂನು, ಮನಃಶಾಸ್ತ್ರ ಎರಡನ್ನೂ ಓದುವ ಆಸೆ. ಐದು ವರ್ಷದ ಬಿ.ಎ. ಎಲ್‌ಎಲ್‌ಬಿಗೆ ಸೇರಿಸಲೇ, ಮೊದಲು ಡಿಗ್ರಿ ಮಾಡಿಸಲೇ?
– ಓದುಗರೊಬ್ಬರು, ಹಾಸನ

ಉತ್ತರ: ಎರಡೂ ಗಟ್ಟಿಯಾಗಿ ಬೇಕೆಂದರೆ ಮನಃಶಾಸ್ತ್ರ ಇರುವ ಬಿ.ಎ. ಅಥವಾ ಬಿ.ಎಸ್ಸಿ. ಮೊದಲು, ಮೂರು ವರ್ಷದ ಎಲ್‌ಎಲ್‌ಬಿ ಆಮೇಲೆ. ಒಟ್ಟು ಆರು ವರ್ಷ, ಅಂದರೆ ಒಂದೇ ವರ್ಷ ಹೆಚ್ಚು. ಐದು ವರ್ಷದ ಕೋರ್ಸಿನ ಬಿ.ಎ. ಭಾಗದಲ್ಲಿ ಸಾಮಾನ್ಯವಾಗಿ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳದೇ ಪಾಲು. ಮನಃಶಾಸ್ತ್ರ ಸಿಕ್ಕರೂ ಅದು ಹೆಚ್ಚಾಗಿ ಒಂದೆರಡು ಪತ್ರಿಕೆಗೆ ಮುಗಿದುಹೋಗುತ್ತದೆ. ಅದರ ಬಿಸಿ ತಟ್ಟುವುದು ಎಂ.ಎಸ್ಸಿ.ಗೆ ಅರ್ಜಿ ಹಾಕುವಾಗ: ಪದವಿಯಲ್ಲಿ ಮನಃಶಾಸ್ತ್ರ ಓದಿರಲೇಬೇಕೆಂದು ಹಲವು ವಿಶ್ವವಿದ್ಯಾಲಯಗಳು ಕೇಳುತ್ತವೆ. ಎಲ್‌ಎಲ್‌ಬಿಗೆ ಆ ತಡೆಯಿಲ್ಲ. ಯಾವ ವಿಷಯದ ಪದವಿಯಾದರೂ ನಡೆಯುತ್ತದೆ; ಕಾನೂನು ಶಿಕ್ಷಣದ ಮಟ್ಟ ನಿಗದಿಪಡಿಸುವ ಭಾರತೀಯ ವಕೀಲರ ಪರಿಷತ್ತಿನ ಪ್ರಕಾರ ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಅಂಕ ಸಾಕು. ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ರಾಷ್ಟ್ರೀಯ ಕಾನೂನು ವಿ.ವಿ.ಯಲ್ಲೇ ಸೀಟು ಸಿಗುವಂತಿದ್ದರೆ ಆ ಲೆಕ್ಕ ಬೇರೆ. ಆದರೆ ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ವಿ.ವಿ.ಯಲ್ಲೂ ಈಗ ಮೂರು ವರ್ಷದ ಎಲ್‌ಎಲ್‌ಬಿ ಇದೆ, ಪ್ರವೇಶಕ್ಕೆ ಪ್ರತ್ಯೇಕ ಪರೀಕ್ಷೆ. ಹಾಗಾಗಿ ಡಿಗ್ರಿ ಮಾಡಿದರೆ ಆ ಬಾಗಿಲು ಮುಚ್ಚುತ್ತದೆಂಬ ಭಯ ಬೇಡ. ಮಗಳಿಗೆ ಒಂದು ಮಾತು ಮೊದಲೇ ಹೇಳಿಬಿಡಿ: ಮನಃಶಾಸ್ತ್ರದಲ್ಲಿ ಸಂಖ್ಯಾಶಾಸ್ತ್ರ ಇರುತ್ತದೆ. ಲೆಕ್ಕ ತಪ್ಪಿಸಿಕೊಳ್ಳಲೆಂದು ಬಂದವರು ಎಡವುವುದು ಅಲ್ಲೇ.

ಪ್ರಶ್ನೆ: ನಾನು ಎಲ್‌ಎಲ್‌ಬಿ ವಿದ್ಯಾರ್ಥಿನಿ. ಏಕಕಾಲಕ್ಕೆ ಎರಡು ಪದವಿ ಮಾಡಲು ಯುಜಿಸಿ ಒಪ್ಪಿದೆಯಲ್ಲ, ದೂರಶಿಕ್ಷಣದಲ್ಲಿ ಎಂ.ಎ. ಮನಃಶಾಸ್ತ್ರಕ್ಕೆ ಸೇರಲೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2022ರಲ್ಲಿ ಒಪ್ಪಿದ್ದು ನಿಜ. ಆದರೆ ಕಾನೂನು ಪದವಿಗೆ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ಅನ್ವಯಿಸುತ್ತವೆ. ಅದರ 2008ರ ನಿಯಮಾವಳಿಯ 6ನೇ ನಿಯಮ, ಎಲ್‌ಎಲ್‌ಬಿ ಜೊತೆಗೆ ಇನ್ನೊಂದು ರೆಗ್ಯುಲರ್ ಪದವಿಗೆ ಸೇರುವುದನ್ನು ನಿಷೇಧಿಸುತ್ತದೆ. ದೂರಶಿಕ್ಷಣಕ್ಕೆ ಮಾತ್ರ ವಿನಾಯಿತಿ. ಬಹಳ ಮಂದಿ ಹಿಡಿದಿದ್ದ ದಾರಿಯೂ ಅದೇ. ಈಗ ಅದು ಇನ್ನೊಂದು ಕಡೆಯಿಂದ ಮುಚ್ಚಿದೆ: 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಮತ್ತು ಆನ್‌ಲೈನಿನಲ್ಲಿ ಮನಃಶಾಸ್ತ್ರ ಕೊಡಬಾರದೆಂದು ಯುಜಿಸಿಯೇ ಹೇಳಿದೆ. ಹಳೆಯ ವಿಡಿಯೊ, ಏಜೆಂಟರ ಮಾತು ನಂಬಿ ಫೀಸು ಕಟ್ಟಬೇಡಿ. ಗುಟ್ಟಾಗಿ ಎರಡು ಕಡೆ ರೆಗ್ಯುಲರ್ ಓದುವ ಯೋಚನೆಯಂತೂ ಬೇಡವೇ ಬೇಡ. ಎಲ್‌ಎಲ್‌ಬಿಯಲ್ಲಿ ಪ್ರತಿ ವಿಷಯಕ್ಕೂ ಶೇ 70 ಹಾಜರಾತಿ ಬೇಕು, ಬೇರೆ ಪದವಿಗೆ ಸೇರಿಲ್ಲವೆಂದು ಬರೆದುಕೊಡಬೇಕಾಗುತ್ತದೆ. ಹಾಗೆ ಹೇಳಿದ ಸುಳ್ಳು, ವಕೀಲಿಕೆಯ ಪರವಾನಗಿಯಾದ ಸನ್ನದು ಪಡೆಯುವ ಹೊತ್ತಿಗೆ ಕುತ್ತಿಗೆಗೆ ಬಂದೀತು. ಎಲ್‌ಎಲ್‌ಬಿ ಮುಗಿಸಿಕೊಂಡು ಎಂ.ಎ.ಯನ್ನು ರೆಗ್ಯುಲರ್ ಆಗಿಯೇ ಮಾಡಿ. ಅಲ್ಲಿಯವರೆಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಕಲಂ ಕಲಂ ಓದಿಕೊಳ್ಳಿ.

ಪ್ರಶ್ನೆ: ಎರಡೂ ಓದಿದರೆ ನಿಜಕ್ಕೂ ಉಪಯೋಗವೆಲ್ಲಿ? ವಕೀಲಿಕೆ, ಕೌನ್ಸೆಲಿಂಗ್ ಎರಡೂ ನಡೆಸಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅಪರಾಧದ ಆರೋಪ ಹೊತ್ತ ಮಕ್ಕಳ ಪ್ರಕರಣ ನೋಡುವ ಬಾಲ ನ್ಯಾಯ ಮಂಡಳಿಗೆ ಇಂಥವರು ತುರ್ತಾಗಿ ಬೇಕು. 16 ದಾಟಿ 18 ತುಂಬದ ಹುಡುಗನ ಮೇಲೆ ಕನಿಷ್ಠ ಏಳು ವರ್ಷ ಶಿಕ್ಷೆಯ ಘೋರ ಅಪರಾಧದ ಆರೋಪವಿದ್ದರೆ, 2015ರ ಬಾಲ ನ್ಯಾಯ ಕಾಯ್ದೆಯ 15ನೇ ಕಲಮಿನಡಿ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು: ಕೃತ್ಯಕ್ಕೆ ಬೇಕಾದ ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತೇ, ಪರಿಣಾಮದ ಅರಿವಿತ್ತೇ, ಸಂದರ್ಭ ಎಂಥದು. ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂಬುದು ನಿಂತಿರುವುದು ಇದರ ಮೇಲೆ. ಮಂಡಳಿಯಲ್ಲಿ ಮಕ್ಕಳ ಮನಃಶಾಸ್ತ್ರ ಅಥವಾ ಮನೋವೈದ್ಯಶಾಸ್ತ್ರದ ಪದವೀಧರರಿಲ್ಲದಿದ್ದರೆ ತಜ್ಞರ ನೆರವು ಪಡೆಯುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ತಜ್ಞರ ವರದಿಯಲ್ಲಿ ಬುದ್ಧಿಮತ್ತೆ ಅಳೆಯುವ ಐಕ್ಯೂ ಅಂಕಿಯೊಂದೇ ಇದ್ದರೆ ಮನಃಶಾಸ್ತ್ರ ಓದಿದ ವಕೀಲೆ ಸುಮ್ಮನಿರುವುದಿಲ್ಲ. ಯಾವ ಪರೀಕ್ಷೆ, ಹುಡುಗನ ಮನೆಮಾತಿನಲ್ಲಿ ನಡೆಯಿತೇ, ಎಷ್ಟು ಹೊತ್ತು ಮಾತಾಡಿಸಿದಿರಿ, ಬುದ್ಧಿಮತ್ತೆಯಿಂದ ಪರಿಣಾಮದ ಅರಿವನ್ನು ಹೇಗೆ ಊಹಿಸಿದಿರಿ ಎಂದು ಕೇಳುತ್ತಾಳೆ.

ಎರಡು ವೃತ್ತಿ ಒಟ್ಟಿಗೆ ನಡೆಸುವುದು ಕಷ್ಟ. ವೈದ್ಯವೃತ್ತಿ ಮಾಡುತ್ತಲೇ ವಕೀಲರಾಗಲು ಬಯಸಿದವರಿಗೆ ಸುಪ್ರೀಂ ಕೋರ್ಟ್ 1996ರಲ್ಲೇ ಒಪ್ಪಲಿಲ್ಲ. ಪೂರ್ಣಾವಧಿ ಸಂಬಳದ ಕೌನ್ಸೆಲರ್ ಆದರೂ ಸನ್ನದನ್ನು ಅಮಾನತಿನಲ್ಲಿಡಬೇಕಾಗುತ್ತದೆ. ಇನ್ನು ಎಂ.ಎ. ಮುಗಿಸಿದ ಮಾತ್ರಕ್ಕೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಬೋರ್ಡು ಹಾಕುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ, ನೋಂದಣಿ ಎರಡೂ ಬೇಕು.