ಮ್ಯಾಜಿಕ್ ಕಾರ್ಡ್ ಆಟದಲ್ಲಿ ಎಕ್ಸೈಲ್ ಆದ (ಆಟದಿಂದ ಆಚೆ ಇಟ್ಟ) ಕ್ರಿಯೇಚರ್ ಸತ್ತ ಲೆಕ್ಕಕ್ಕೆ ಯಾಕೆ ಬರುವುದಿಲ್ಲ?

ಬದಿಯಡ್ಕದಲ್ಲಿ ಭಾನುವಾರ ಆಡುವ ನಿಮ್ಮ ಗುಂಪಿನ ತಕರಾರು ಇಷ್ಟು: ನಿಮ್ಮ ಕಿಚನ್ ಫಿಂಕ್ಸ್ ಎಂಬ ಕ್ರಿಯೇಚರ್ (ಜೀವಿ ಕಾರ್ಡ್) ಮೇಲೆ ಎದುರಾಳಿ ಸ್ವೋರ್ಡ್ಸ್ ಟು ಪ್ಲೌಶೇರ್ಸ್ ಎಂಬ ಎಕ್ಸೈಲ್ ಮಾಡುವ ಕಾರ್ಡ್ ಹಾಕಿದರು. ಪರ್ಸಿಸ್ಟ್ (ಸತ್ತರೆ ವಾಪಸ್ ಬರುವ ಗುಣ) ಇರುವುದರಿಂದ ಫಿಂಕ್ಸ್ ವಾಪಸ್ ಬರಬೇಕು, ಕ್ರಿಯೇಚರ್ ಸತ್ತಾಗ ಕೆಲಸ ಮಾಡುವ ನಿಮ್ಮ ಬ್ಲಡ್ ಆರ್ಟಿಸ್ಟ್ ಕಾರ್ಡ್ ಕೂಡ ಟ್ರಿಗರ್ ಆಗಬೇಕು ಅಂತ ನೀವು. ಎರಡೂ ಇಲ್ಲ ಅಂತ ಅವರು. ಅವರು ಹೇಳಿದ್ದೇ ಸರಿ. ಸ್ವೋರ್ಡ್ಸ್‌ನಿಂದ ನಿಮಗೆ ಸಿಗುವುದು ಫಿಂಕ್ಸ್‌ನ ಪವರ್‌ನಷ್ಟು (ಹೊಡೆತದ ಬಲದಷ್ಟು), ಅಂದರೆ 3 ಲೈಫ್ ಮಾತ್ರ.

‘ಡೈಸ್’ (dies, ಸಾಯುತ್ತದೆ) ಎಂಬ ಪದಕ್ಕೆ ರೂಲ್ಸ್‌ನಲ್ಲಿ ಒಂದೇ ಅರ್ಥ: ಬ್ಯಾಟಲ್‌ಫೀಲ್ಡ್‌ನಿಂದ (ಆಟದ ಕಣದಿಂದ) ಗ್ರೇವ್‌ಯಾರ್ಡ್‌ಗೆ (ಮುಗಿದ ಕಾರ್ಡುಗಳ ರಾಶಿಗೆ) ಹೋಗುವುದು. ಡ್ಯಾಮೇಜ್‌ನಿಂದ ಹೋಯಿತೋ, ಸ್ಯಾಕ್ರಿಫೈಸ್ ಆಗಿ ಹೋಯಿತೋ ಅನ್ನುವುದು ಮುಖ್ಯವಲ್ಲ. ನಮ್ಮ ಕಡೆಯವರಿಗೆ ಯಕ್ಷಗಾನದ ಹೋಲಿಕೆ ಸುಲಭ: ಗ್ರೇವ್‌ಯಾರ್ಡ್ ಅಂದರೆ ಚೌಕಿ, ಅಲ್ಲಿಂದ ವೇಷ ಮತ್ತೆ ರಂಗಕ್ಕೆ ಬರಬಹುದು. ಎಕ್ಸೈಲ್ ಅಂದರೆ ಮೇಳವನ್ನೇ ಬಿಟ್ಟು ಹೋದ ಹಾಗೆ. 2009ರಲ್ಲಿ ಹೆಸರು ಬದಲಾಗುವವರೆಗೆ ಕಾರ್ಡುಗಳಲ್ಲಿ ‘ಆಟದಿಂದ ತೆಗೆದುಹಾಕು’ ಎಂಬರ್ಥದ ಮಾತೇ ಇತ್ತು. ಇಂಡಿಸ್ಟ್ರಕ್ಟಿಬಲ್ (ನಾಶವಾಗದ) ಗುಣ ಕೂಡ ಇಲ್ಲಿ ಕಾಪಾಡುವುದಿಲ್ಲ. ಅದು ತಡೆಯುವುದು ಡಿಸ್ಟ್ರಾಯ್ ಆಗುವುದನ್ನು ಮಾತ್ರ.

ಆದರೆ ನಿಮ್ಮಲ್ಲಿ ಕ್ರಿಯೇಚರನ್ನು ಸ್ಯಾಕ್ರಿಫೈಸ್ ಮಾಡಲು ಬಿಡುವ ವಿಸೆರಾ ಸೀಯರ್ ಕಾರ್ಡ್ ಇದ್ದಿದ್ದರೆ ಕತೆಯೇ ಬೇರೆ. ಸ್ವೋರ್ಡ್ಸ್ ಇನ್ನೂ ಸ್ಟ್ಯಾಕ್‌ನಲ್ಲಿರುವಾಗಲೇ (ಅದರ ಪರಿಣಾಮ ಆಗುವ ಮುಂಚೆಯೇ) ಫಿಂಕ್ಸನ್ನು ಸ್ಯಾಕ್ರಿಫೈಸ್ ಮಾಡಿ. ಈಗ ಅದು ನಿಜವಾಗಿ ಸತ್ತಿತು: ಬ್ಲಡ್ ಆರ್ಟಿಸ್ಟ್ ಎದುರಾಳಿಯ 1 ಲೈಫ್ ಕಿತ್ತು ನಿಮಗೆ 1 ಕೊಡುತ್ತದೆ, ಪರ್ಸಿಸ್ಟ್ ಫಿಂಕ್ಸನ್ನು ಒಂದು -1/-1 ಕೌಂಟರ್ (ಬಲ ಕುಗ್ಗಿಸುವ ಗುರುತು) ಸಮೇತ ತರುತ್ತದೆ, ಅದು ಬಂದ ಕೂಡಲೇ ಮತ್ತೆ 2 ಲೈಫ್. ವಾಪಸ್ ಬಂದ ಫಿಂಕ್ಸ್ ರೂಲ್ಸ್ ಪ್ರಕಾರ ಹೊಸದೇ. ಹಾಗಾಗಿ ಸ್ವೋರ್ಡ್ಸ್‌ಗೆ ಟಾರ್ಗೆಟ್ ಇಲ್ಲದೆ ಅದು ವ್ಯರ್ಥ, ಆ 3 ಲೈಫ್ ಕೂಡ ಇಲ್ಲ. ಎಕ್ಸೈಲ್ ಡೆಕ್ಕಿನ ಎದುರು ಸ್ಯಾಕ್ರಿಫೈಸ್ ಕಾರ್ಡ್ ಇಟ್ಟುಕೊಳ್ಳಿ ಎಂದು ಒತ್ತಿ ಹೇಳುವುದು ಇದಕ್ಕೇ.

ಹೆಚ್ಚಿನವರು ಎಡವುವುದು ಟೋಕನ್‌ನಲ್ಲಿ, ಅಂದರೆ ಕಾರ್ಡ್ ಅಲ್ಲದೆ ಬೇರೆ ಕಾರ್ಡಿನಿಂದ ಹುಟ್ಟಿದ ಕ್ರಿಯೇಚರ್‌ನಲ್ಲಿ. ಟೋಕನ್ ಕೂಡ ಮೊದಲು ಗ್ರೇವ್‌ಯಾರ್ಡ್ ಮುಟ್ಟಿ, ಆಮೇಲೆ ಇಲ್ಲವಾಗುತ್ತದೆ; ಆದ್ದರಿಂದ ಬ್ಲಡ್ ಆರ್ಟಿಸ್ಟ್ ಟ್ರಿಗರ್ ಆಗಿಯೇ ಆಗುತ್ತದೆ. ಟೇಬಲ್ ಮೇಲೆ ರೆಸ್ಟ್ ಇನ್ ಪೀಸ್ ಎಂಬ ಕಾರ್ಡ್ ಇದ್ದರೆ ಮಾತ್ರ ಇಲ್ಲ, ಯಾಕೆಂದರೆ ಆಗ ಕಾರ್ಡ್, ಟೋಕನ್ ಎಲ್ಲವೂ ಗ್ರೇವ್‌ಯಾರ್ಡ್ ಮುಟ್ಟದೆ ನೇರ ಎಕ್ಸೈಲ್‌ಗೆ. ಕಮಾಂಡರ್ (ಒಂದು ಕಾರ್ಡನ್ನು ನಾಯಕನಾಗಿ ಇಟ್ಟುಕೊಂಡು ಆಡುವ ಬಗೆ) ಆಡುವವರಿಗೂ ಒಂದು ಮಾತು: 2020ರ ಬದಲಾವಣೆಯ ನಂತರ ಕಮಾಂಡರ್ ಮೊದಲು ಗ್ರೇವ್‌ಯಾರ್ಡ್‌ಗೆ ಹೋಗಿ ಆಮೇಲೆ ಕಮಾಂಡ್ ಝೋನ್‌ಗೆ (ಅದರದ್ದೇ ಜಾಗಕ್ಕೆ) ಬರಬಹುದು, ಹಾಗಾಗಿ ಅದೂ ಸತ್ತ ಲೆಕ್ಕವೇ.

ಇನ್ನು, ಎಕ್ಸೈಲ್ ಆದ ಕಾರ್ಡನ್ನು ಗ್ರೇವ್‌ಯಾರ್ಡ್ ರಾಶಿಯ ಮೇಲೆ ಅಡ್ಡ ಇಡಬೇಡಿ. ನಾಲ್ಕು ಟರ್ನ್ ಕಳೆಯುವಷ್ಟರಲ್ಲಿ ಯಾವುದು ಯಾವುದರಲ್ಲಿತ್ತು ಅಂತ ಮತ್ತೆ ಜಗಳ. ಡೆಕ್ಕಿನ ಆಚೆ ಬದಿಗೆ ಬೇರೆ ರಾಶಿ ಮಾಡಿ; ಬ್ಯಾನಿಶಿಂಗ್ ಲೈಟ್‌ನಂಥ ಕಾರ್ಡ್ ಹಿಡಿದಿಟ್ಟದ್ದನ್ನು ಆ ಕಾರ್ಡಿನ ಅಡಿಯಲ್ಲೇ ಇಡಿ, ಲೈಟ್ ಹೋದ ಕೂಡಲೇ ಅದು ವಾಪಸ್ ಬರಬೇಕಲ್ಲ.