"ಸರಿಹೋಯ್ತಲ್ಲ ಮೇಡಂ, ಇನ್ಯಾಕೆ ಆಪರೇಷನ್?"

ಈ ಪ್ರಶ್ನೆಯನ್ನು ಎಷ್ಟು ಜನ ಕೇಳುತ್ತಾರೆ ಅಂದರೆ, ಗುರುತು ಸಿಗದ ಹಾಗೆ ಒಬ್ಬರ ಪ್ರಕರಣ ಬರೆದೇ ಬಿಡೋಣ ಅನ್ನಿಸಿತು.

ಅರವತ್ತು ದಾಟಿದವರು. ಬಿಪಿ ಇದೆ, ಸಿಗರೇಟು ಬಿಟ್ಟಿಲ್ಲ. ಒಂದು ದಿನ ಎಡಗಣ್ಣಿಗೆ ಪರದೆ ಇಳಿದ ಹಾಗೆ ಕತ್ತಲಾಗಿ, ಕೆಲವು ನಿಮಿಷಕ್ಕೆ ತಿಳಿಯಾಯಿತು. ಸ್ಕ್ಯಾನ್ ಮಾಡಿದರೆ ಮಿದುಳಿಗೆ ರಕ್ತ ಒಯ್ಯುವ, ಕುತ್ತಿಗೆಯ ಎಡ ಕ್ಯಾರೋಟಿಡ್ ರಕ್ತನಾಳ 80% ಕಿರಿದಾಗಿತ್ತು. ಅಲ್ಲಿ ಕಟ್ಟಿದ ಕೊಬ್ಬು ತೆಗೆಯುವ ಆಪರೇಷನ್‌ಗೆ ಅವರು ಒಪ್ಪಲಿಲ್ಲ.

ಆಪ್ತಸಲಹೆಗಾರಳಾದ ನನ್ನೆದುರಿಗೂ ಅದೇ ಮಾತು. ನಾನು ವಾದಕ್ಕೆ ಹೋಗಲಿಲ್ಲ. ಪಕ್ಕದಲ್ಲಿದ್ದ ಹೆಂಡತಿಯೇ ಕೇಳಿದರು: "ರೀ, ಕಣ್ಣು ಸರಿಹೋಯ್ತು. ಕುತ್ತಿಗೆ ಸರಿಹೋಯ್ತಾ?"

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ನಿಜವಾದ ಭಯ ಹೊರಬಂತು. "ಟೇಬಲ್ ಮೇಲೇ ಸ್ಟ್ರೋಕ್ ಆಗ್ಬಿಟ್ರೆ?"

ಇದು ಮೊಂಡುತನ ಅಲ್ಲ, ನ್ಯಾಯವಾದ ಭಯ. ಅದಕ್ಕೇ ಸುಮ್ನೆ ಧೈರ್ಯ ಹೇಳದೆ ಲೆಕ್ಕ ಮುಂದಿಟ್ಟೆ. ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿದ ಜಾಗ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದರ ಚೂರು ಕಣ್ಣಿಗೂ ಹೋಗಬಹುದು, ಮಿದುಳಿಗೂ ಹೋಗಬಹುದು. ಇವರಂತೆ ಲಕ್ಷಣ ಕಂಡಿದ್ದು, 70%ಗಿಂತ ಜಾಸ್ತಿ ಕಿರಿದಾದವರ ಮೇಲೆ ಉತ್ತರ ಅಮೆರಿಕದಲ್ಲಿ ಒಂದು ಅಧ್ಯಯನ ನಡೆದು 1991ರಲ್ಲಿ ಪ್ರಕಟವಾಯಿತು. ಎರಡು ವರ್ಷದಲ್ಲಿ ಆ ಬದಿಯ ಸ್ಟ್ರೋಕ್ ಆದದ್ದು, ಬರೀ ಮಾತ್ರೆಯಲ್ಲಿದ್ದವರಲ್ಲಿ ನೂರಕ್ಕೆ 26 ಮಂದಿಗೆ, ಆಪರೇಷನ್ ಆದವರಲ್ಲಿ 9 ಮಂದಿಗೆ. ಟೇಬಲ್ ಮೇಲಿನ ಸ್ಟ್ರೋಕ್ ಕೂಡ ಆ 9ರಲ್ಲೇ ಸೇರಿದೆ. ಈಗಿನ ಮಾತ್ರೆಗಳು ಆಗಿನದಕ್ಕಿಂತ ಚೆನ್ನಾಗಿವೆ, ಅದನ್ನೂ ಮುಚ್ಚಿಡಲಿಲ್ಲ.

"ಒಂದು ತಿಂಗಳು ಯೋಚಿಸ್ತೀನಿ" ಅಂದರು. ಬೇಡ, ಈ ವಾರವೇ ತೀರ್ಮಾನಿಸಿ ಅಂದೆ. ಆಪ್ತಸಲಹೆಗಾರರು ಅವಸರ ಮಾಡಿಸಬಾರದು ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಬೇರೆ ವಿಷಯದಲ್ಲಾದರೆ ನಾನೂ ಹಾಗೇ ಹೇಳುತ್ತೇನೆ. ಇಲ್ಲಿ ಅಪಾಯ ಜಾಸ್ತಿ ಇರುವುದೇ ಲಕ್ಷಣ ಕಂಡ ಮೊದಲ ದಿನಗಳಲ್ಲಿ. ಆಪರೇಷನ್‌ನ ಲಾಭವೂ ಎರಡು ವಾರದೊಳಗೆ ಮಾಡಿಸಿದರೇ ಹೆಚ್ಚು. ಇದು ಗೊತ್ತಿದ್ದೂ "ನಿಧಾನವಾಗಿ ಯೋಚಿಸಿ" ಅನ್ನುವುದು ನನ್ನ ಪ್ರಕಾರ ಸೌಜನ್ಯ ಅಲ್ಲ. ಬೇಡ ಅನ್ನುವ ಹಕ್ಕು ಅವರದೇ, ಅದನ್ನೂ ಹೇಳಿದ್ದೆ.

ಸರ್ಜನ್ ಹತ್ತಿರ ಒಂದು ಪ್ರಶ್ನೆ ಕೇಳಲು ಹೇಳಿಕೊಟ್ಟೆ: "ನೀವು ಮಾಡಿದ ಆಪರೇಷನ್‌ಗಳಲ್ಲಿ ನೂರಕ್ಕೆ ಎಷ್ಟು ಜನರಿಗೆ ತೊಂದರೆ ಆಗಿದೆ?" ಕೇಳಿದರು, ಉತ್ತರ ಸಿಕ್ಕಿತು, ಒಪ್ಪಿದರು. ಈಗ ಚೆನ್ನಾಗಿದ್ದಾರೆ. ಆದರೆ ಕೊಲೆಸ್ಟ್ರಾಲ್ ನಾರ್ಮಲ್ ಬಂತು, ಸ್ಟ್ಯಾಟಿನ್ ಬಿಡಲಾ ಅಂತ ಫೋನ್ ಮಾಡಿದ್ದರು. ಆ ಮಾತ್ರೆ ತಗೊಂಡಿದ್ದಕ್ಕೇ ನಾರ್ಮಲ್ ಬಂದಿರೋದು, ಡಾಕ್ಟರನ್ನು ಕೇಳದೆ ಬಿಡಬೇಡಿ ಅಂದೆ. ಸಿಗರೇಟಿನ ಮಾತು ಎತ್ತಿದರೆ ಮಾತ್ರ ಇನ್ನೂ ವಿಷಯ ಬದಲಿಸುತ್ತಾರೆ.